ಲಾ ಕಾಲೇಜು ಮೇಷ್ಟ್ರುಗಳು ಬರೆದಿದ್ದು ದಾವಣಗೆರೆ ಕೋರ್ಟಿಗೆ ಬೇಕಾ?

ಕೊನೇ ಸೆಮಿಸ್ಟರ್ | ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮೂರು ವರ್ಷದ ಎಲ್‌ಎಲ್‌ಬಿ ಓದುತ್ತಿದ್ದೇನೆ. ಬೆಳಗ್ಗೆ ಕಾಲೇಜು, ಆಮೇಲೆ ಒಬ್ಬ ಸೀನಿಯರ್ ವಕೀಲರ ಆಫೀಸು. ಪಾಲು ವಿಭಾಗದ ಒಂದು ದಾವೆಗೆ ಲಿಖಿತ ವಾದ ತಯಾರು ಮಾಡು ಅಂದಿದ್ದರು. ನಾನು ತೀರ್ಪುಗಳ ಜೊತೆಗೆ ಒಬ್ಬ ಪ್ರೊಫೆಸರ್ ಬರೆದ ಲೇಖನದ ಎರಡು ಪ್ಯಾರಾ ಸೇರಿಸಿದೆ. ಸೀನಿಯರ್ ಕೆಂಪು ಪೆನ್ನು ತಗೊಂಡು ಅಡ್ಡಡ್ಡ ಗೀಟು ಎಳೆದರು. "ಮೇಷ್ಟ್ರ ಮಾತು ಪರೀಕ್ಷೆಗೆ. ಕೋರ್ಟಿಗೆ ಸೈಟೇಶನ್ ತಾ" ಅಂದರು. ಅಂದ್ರೆ ಯಾವ ತೀರ್ಪು, ಯಾವ ಸಂಪುಟ, ಯಾವ ಪುಟ ಅನ್ನೋ ಉಲ್ಲೇಖ.

ನನ್ನ ಪ್ರಶ್ನೆ ಇಷ್ಟೇ. ಹಾಗಾದ್ರೆ ಕಾನೂನು ಪ್ರಾಧ್ಯಾಪಕರು ಜರ್ನಲ್‌ಗಳಲ್ಲಿ ಬರೆಯೋದು ಯಾರಿಗಾಗಿ? ಜಿಲ್ಲಾ ಕೋರ್ಟಿನಲ್ಲಿ ಕೆಲಸ ಮಾಡೋನು ಅದನ್ನು ಓದಬೇಕಾ, ಬೇಡವಾ?

ಕಪ್ಪು ಕೋಟು | ದಾವಣಗೆರೆ

ನಿಮ್ಮ ಸೀನಿಯರ್ ಹೇಳಿದ್ದು ಸರಿ. ಸಂವಿಧಾನದ 141ನೇ ವಿಧಿ ನೋಡಿ. ಸುಪ್ರೀಂ ಕೋರ್ಟ್ ಹೇಳಿದ ಕಾನೂನು ಎಲ್ಲ ಕೋರ್ಟುಗಳನ್ನೂ ಕಟ್ಟಿಹಾಕುತ್ತದೆ. ಮೇಷ್ಟ್ರು ಹೇಳಿದ್ದು ಯಾರನ್ನೂ ಕಟ್ಟಿಹಾಕಲ್ಲ. ಸಾಕ್ಷ್ಯ ಅಂತ ಕೊಡೋಣ ಅಂದ್ರೆ ಅದೂ ಆಗಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 45ನೇ ಕಲಂ, ಅದರ ಬದಲು ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಪ್ರಕಾರ ವಿದೇಶದ ಕಾನೂನಿನ ಬಗ್ಗೆ ತಜ್ಞರ ಅಭಿಪ್ರಾಯ ಕೇಳಬಹುದು. ನಮ್ಮ ದೇಶದ ಕಾನೂನು ಏನು ಅಂತ ಗೊತ್ತಿರಬೇಕಾದ್ದು ಜಡ್ಜ್ ಸಾಹೇಬರಿಗೇ.

ಬೆಳಗ್ಗೆ 11 ಗಂಟೆಗೆ ಬಂದು ಒಮ್ಮೆ ಕೋರ್ಟ್ ಹಾಲ್‌ನಲ್ಲಿ ಕೂತು ನೋಡಿ. ಕಾಸ್ ಲಿಸ್ಟ್ (ಅವತ್ತಿನ ಕೇಸುಗಳ ಪಟ್ಟಿ) ಮಾರುದ್ದ ಇರುತ್ತದೆ. ಸಾಹೇಬರು ತಲೆ ಎತ್ತಿ ಕೇಳೋದು ಒಂದೇ, "ಯಾವ ವಾಲ್ಯೂಮ್, ಯಾವ ಪುಟ?" ಅಲ್ಲಿ ನೀವು ಜರ್ನಲ್ ಲೇಖನ ತೆಗೆದರೆ ಎದುರು ವಕೀಲರು ನಕ್ಕು ಕೂತುಕೊಳ್ಳುತ್ತಾರೆ.

ಹತ್ತಿ ಮಿಲ್ಲು | ದಾವಣಗೆರೆ

ಅಂದ್ರೆ ಲಾ ಪ್ರೊಫೆಸರ್‌ಗಳೆಲ್ಲಾ ಸುಮ್ನೆ ಸಂಬಳ ತಗೊಳ್ತಿದ್ದಾರೆ ಅಂತಾಯ್ತು 😀 ನಾನು ವಕೀಲ ಅಲ್ಲ, ಬರೀ ಕಕ್ಷಿದಾರ. ಚರ್ಚೆ ನೋಡೋಕೆ ಬಂದೆ, ಕೈಯಲ್ಲಿ ಮಂಡಕ್ಕಿ ಮಿರ್ಚಿ ಇದೆ.

ದುರ್ಗದ ಅರೆಕಾಲಿಕ | ಚಿತ್ರದುರ್ಗ

ನಾನು ಬೆಳಗ್ಗೆ ಪಾಠ ಮಾಡಿ ಆಮೇಲೆ ಕೋರ್ಟಿಗೆ ಹೋಗೋನು. ಎರಡೂ ಕಡೆ ಕಾಲಿಟ್ಟವನಾಗಿ ಹೇಳುತ್ತೇನೆ. (ಗೊತ್ತಿಲ್ಲದವರಿಗೆ: ಪ್ರಾಕ್ಟೀಸ್ ಮಾಡೋ ವಕೀಲ ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಮಾಡಬಹುದು ಅಂತ 1979ರ ನಿಯಮ ಇದೆ. ಪೂರ್ತಿ ಸಂಬಳದ ಅಧ್ಯಾಪಕರು ಮಾತ್ರ ಕೋಟು ಹಾಕಿ ವಾದ ಮಾಡೋ ಹಾಗಿಲ್ಲ. ನಮ್ಮ ಕಡೆ ಚಿಕ್ಕ ಊರುಗಳ ಲಾ ಕಾಲೇಜು ನಡೆಯೋದೇ ನಮ್ಮಂಥವರಿಂದ.)

ಕಪ್ಪು ಕೋಟು ಅವರೇ, 141ನೇ ವಿಧಿ ಸರಿ. ಆದರೆ ಸುಪ್ರೀಂ ಕೋರ್ಟಿಗೆ ಆ ಕಾನೂನು ಎಲ್ಲಿಂದ ಬಂತು ಅಂತಲೂ ಕೇಳಬೇಕಲ್ವಾ? ಕೇಶವಾನಂದ ಭಾರತಿ ಕೇಸನ್ನೇ ತಗೊಳ್ಳಿ. 1973ರ ಏಪ್ರಿಲ್ 24, 13 ನ್ಯಾಯಮೂರ್ತಿಗಳ ಪೀಠ, 7-6 ಬಹುಮತ. ಸಂಸತ್ತು ಸಂವಿಧಾನದ ಮೂಲ ರಚನೆಯನ್ನು ಕೆಡಿಸುವ ಹಾಗಿಲ್ಲ ಅಂತ ತೀರ್ಪು. ನಮ್ಮ ವಿದ್ಯಾರ್ಥಿಗಳು ಇದನ್ನು ನಿದ್ದೆಯಲ್ಲೂ ಹೇಳುತ್ತಾರೆ. ಅದರ ಹಿಂದೆ ಡೀಟರ್ ಕಾನ್ರಾಡ್ ಅನ್ನೋ ಜರ್ಮನ್ ಕಾನೂನು ಪ್ರಾಧ್ಯಾಪಕ ಇದ್ದಾರೆ ಅಂತ ಎಷ್ಟು ಜನಕ್ಕೆ ಗೊತ್ತು? ಹೈಡಲ್‌ಬರ್ಗ್ ವಿಶ್ವವಿದ್ಯಾಲಯದವರು. 1965ರ ಫೆಬ್ರವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ ಒಂದು ಉಪನ್ಯಾಸ ಕೊಟ್ಟರು. ತಿದ್ದುಪಡಿ ಮಾಡೋ ಅಧಿಕಾರಕ್ಕೆ ಬರೆಯದೇ ಇರುವ ಮಿತಿಗಳಿವೆಯಾ ಅನ್ನೋದು ವಿಷಯ.

ಅಲ್ಲಿ ಅವರು ಎತ್ತಿದ ಪ್ರಶ್ನೆಗಳು ನೋಡಿ. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ 21ನೇ ವಿಧಿಯನ್ನೇ ತಿದ್ದುಪಡಿ ಮಾಡಿ ಕಿತ್ತುಹಾಕಬಹುದಾ? ಬಹುಮತ ಕರಗುತ್ತಿದೆ ಅಂತ ಗೊತ್ತಾದ ಪಕ್ಷ, ಇನ್ನು ಮೇಲೆ ಪ್ರಧಾನಿ ಸಲಹೆಯಂತೆ ರಾಷ್ಟ್ರಪತಿಯೇ ಸಂವಿಧಾನ ತಿದ್ದಲಿ ಅಂತ, ತಿದ್ದುಪಡಿ ಅಧಿಕಾರ ಕೊಡುವ 368ನೇ ವಿಧಿಯನ್ನು ಬದಲಿಸಬಹುದಾ? ತಿದ್ದುಪಡಿ ಅಂತ ಹೇಳಿ ಮೊಗಲ್ ಬಾದಶಹನನ್ನೋ ಇಂಗ್ಲೆಂಡ್ ರಾಜಮನೆತನವನ್ನೋ ವಾಪಸ್ ಕೂರಿಸಬಹುದಾ? ಆಗ ಕೇಳಿದವರಿಗೆ ತಮಾಷೆ ಅನ್ನಿಸಿರಬಹುದು. ಕಾನ್ರಾಡ್‌ಗೆ ಅದು ತಮಾಷೆ ಅಲ್ಲ. ಜರ್ಮನಿಯಲ್ಲಿ ವೈಮಾರ್ ಸಂವಿಧಾನ ಕಾಗದದ ಮೇಲೆ ಇದ್ದ ಹಾಗೇ ಹಿಟ್ಲರ್ ಬಂದಿದ್ದ. ಹಾಗಾಗಿ ಯುದ್ಧದ ನಂತರದ ಅವರ ಸಂವಿಧಾನದಲ್ಲಿ ಕೆಲವನ್ನು ಯಾರೂ ಮುಟ್ಟಬಾರದು ಅಂತ ಬರೆದೇಬಿಟ್ಟರು.

1967ರ ಗೋಲಕನಾಥ್ ಕೇಸಿನಲ್ಲಿ ವಕೀಲ ಎಂ.ಕೆ. ನಂಬಿಯಾರ್ ಈ ವಾದ ಎತ್ತಿಕೊಂಡರು. ಆಗ ಕೋರ್ಟು ಬೇರೆ ದಾರಿ ಹಿಡಿಯಿತು. ಆರು ವರ್ಷದ ಮೇಲೆ ಕೇಶವಾನಂದದಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕಾನ್ರಾಡ್ ಹೆಸರು ಹೇಳಿಯೇ ಅವರ ಮಾತನ್ನು ತೀರ್ಪಿನಲ್ಲಿ ಬಳಸಿದರು. ಖನ್ನಾ ಅವರದ್ದೇ ಆ ಏಳನೇ ಮತ.

ಹತ್ತಿ ಮಿಲ್ಲು

ಮಂಡಕ್ಕಿ ಪಕ್ಕಕ್ಕಿಟ್ಟೆ ಸಾರ್. ಆ ಕೇಶವಾನಂದ ಭಾರತಿ ಸ್ವಾಮೀಜಿ ನಮ್ಮ ಕಡೆಯವರೇ ಅಲ್ವಾ? ಕೇಸು ಗೆದ್ದರಾ?

ದುರ್ಗದ ಅರೆಕಾಲಿಕ

ಕಾಸರಗೋಡಿನ ಎಡನೀರು ಮಠದವರು. ಕನ್ನಡ ಯಕ್ಷಗಾನ, ಸಂಗೀತಕ್ಕೆ ಹೆಸರಾದ ಮಠ. ಕೇರಳದ ಭೂ ಸುಧಾರಣೆ ಕಾನೂನಿನಿಂದ ಮಠದ ಜಮೀನು ಹೋಗುತ್ತದೆ ಅಂತ ಕೋರ್ಟಿಗೆ ಹೋದರು. ಜಮೀನಿನ ವಿಷಯದಲ್ಲಿ ಅವರಿಗೆ ಬೇಕಾದ್ದು ಸಿಗಲಿಲ್ಲ. ಹೆಸರು ಮಾತ್ರ ದೇಶದ ಎಲ್ಲ ಲಾ ಕಾಲೇಜಿನ ಬೋರ್ಡಿನ ಮೇಲೆ ಉಳಿಯಿತು. 2020ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ಕಪ್ಪು ಕೋಟು

ಒಳ್ಳೆ ಕತೆ. ಆದರೆ ಅದು 13 ನ್ಯಾಯಮೂರ್ತಿಗಳ ಪೀಠ, 68 ದಿನದ ವಾದ. ನಮ್ಮ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿನಲ್ಲಿ 68 ನಿಮಿಷ ಸಿಕ್ಕರೆ ನಾನು ಬೆಣ್ಣೆದೋಸೆ ಕೊಡಿಸುತ್ತೇನೆ. ಮೂಲ ರಚನೆ ಸಿದ್ಧಾಂತ ಇಟ್ಟುಕೊಂಡು ನಾಲೆ ನೀರಿನ ತಗಾದೆ ಬಗೆಹರಿಯುತ್ತಾ?

ಇನ್ನೊಂದು. ಪ್ರೊಫೆಸರ್‌ಗಳ ಮೇಲೆ ದೇಶಕ್ಕೆ ಅಷ್ಟು ನಂಬಿಕೆ ಇದ್ದಿದ್ದರೆ 124ನೇ ವಿಧಿ ಬಳಸಬಹುದಿತ್ತಲ್ಲ. ಹೈಕೋರ್ಟ್ ಜಡ್ಜ್ ಅಥವಾ ವಕೀಲ ಆಗಿರದಿದ್ದರೂ "ಹೆಸರಾಂತ ನ್ಯಾಯಶಾಸ್ತ್ರಜ್ಞ" ಅಂತ ಸುಪ್ರೀಂ ಕೋರ್ಟಿಗೆ ನೇಮಿಸಬಹುದು ಅಂತ ಮೊದಲಿನಿಂದಲೂ ಇದೆ. ಇವತ್ತಿನವರೆಗೂ ಒಬ್ಬ ಮೇಷ್ಟ್ರನ್ನೂ ಆ ಬಾಗಿಲಿನಿಂದ ಒಳಗೆ ಬಿಟ್ಟಿಲ್ಲ.

ಹರಿಹರದ ವಕೀಲೆ | ಹರಿಹರ

ಬಾಗಿಲು ತೆಗೆಯದವರ ತಪ್ಪನ್ನು ಹೊರಗೆ ನಿಂತವರ ಮೇಲೆ ಹಾಕಬೇಡಿ ಸರ್.

ವಿಚಾರಣಾ ಕೋರ್ಟಿಗೆ ಏನು ಉಪಯೋಗ ಅಂತ ತಾನೇ ನಿಮ್ಮ ಪ್ರಶ್ನೆ? ನಾನು ಪೋಕ್ಸೋ ಮತ್ತು ಅತ್ಯಾಚಾರದ ಕೇಸುಗಳಲ್ಲಿ ಸಂತ್ರಸ್ತರ ಪರ ಕೆಲಸ ಮಾಡುತ್ತೇನೆ. ಅಲ್ಲಿ ದಿನಾ ಬಳಸುವ ಒಂದು ಕಲಂ ಇದೆ. ಹಳೇ ಸಾಕ್ಷ್ಯ ಕಾಯ್ದೆಯ 114ಎ, ಈಗ ಹೊಸ ಅಧಿನಿಯಮದಲ್ಲಿ 120. ಪೊಲೀಸರಂಥ ಅಧಿಕಾರಸ್ಥರ ಮೇಲಿನ ಕೆಲವು ಅತ್ಯಾಚಾರ ಪ್ರಕರಣಗಳಲ್ಲಿ ಸಂಭೋಗ ನಡೆದಿದ್ದು ಸಾಬೀತಾಗಿ, ಹೆಣ್ಣುಮಗಳು "ನಾನು ಒಪ್ಪಿರಲಿಲ್ಲ" ಅಂತ ಹೇಳಿದರೆ, ಒಪ್ಪಿಗೆ ಇರಲಿಲ್ಲ ಅಂತಲೇ ಕೋರ್ಟು ಭಾವಿಸಬೇಕು. ಇಲ್ಲ ಅಂತ ತೋರಿಸುವ ಹೊರೆ ಆರೋಪಿಯದು. ಇದು ಎಲ್ಲಿಂದ ಬಂತು ಗೊತ್ತಾ?

1972ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಮಥುರಾ ಅನ್ನೋ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ಆಯಿತು ಅಂತ ಕೇಸು. ಸೆಷನ್ಸ್ ಕೋರ್ಟು ಪೊಲೀಸರನ್ನು ಬಿಟ್ಟಿತು, ಹೈಕೋರ್ಟು ಶಿಕ್ಷೆ ಕೊಟ್ಟಿತು, 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಮೈಮೇಲೆ ಗಾಯ ಇಲ್ಲ, ಕೂಗಿಕೊಂಡಿಲ್ಲ, ಹಾಗಾಗಿ ಒಪ್ಪಿಗೆ ಇತ್ತು ಅನ್ನೋ ಥರದ ತರ್ಕ. ಮಾರನೇ ವರ್ಷ, 1979ರ ಸೆಪ್ಟೆಂಬರ್ 16ರಂದು, ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ್ ಕೇಳ್ಕರ್, ವಸುಧಾ ಧಗಮ್ವಾರ್ ಸೇರಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಬಕ್ಷಿ, ಲೋತಿಕಾ ಸರ್ಕಾರ್ ಇಬ್ಬರೂ ದೆಹಲಿ ವಿಶ್ವವಿದ್ಯಾಲಯದ ಕಾನೂನು ಮೇಷ್ಟ್ರುಗಳು. ರಾತ್ರಿ ಹೊತ್ತು, ಠಾಣೆಯೊಳಗೆ, ಸಮವಸ್ತ್ರದವರ ಎದುರು ಒಬ್ಬ ಬಡ ಹುಡುಗಿ ಸುಮ್ಮನಾದರೆ ಅದು ಒಪ್ಪಿಗೆ ಹೇಗಾಗುತ್ತದೆ, ಅದು ಸೋತು ಶರಣಾಗುವುದಲ್ವಾ ಅನ್ನೋದು ಪತ್ರದ ತಿರುಳು. ಎಸ್‌ಸಿಸಿ (ಸುಪ್ರೀಂ ಕೋರ್ಟ್ ಕೇಸಸ್ ಅನ್ನೋ ತೀರ್ಪುಗಳ ಸಂಗ್ರಹ) 1979ರ ನಾಲ್ಕನೇ ಸಂಪುಟದ ಜರ್ನಲ್ ಭಾಗದಲ್ಲಿ 17ನೇ ಪುಟ. ಕಪ್ಪು ಕೋಟು ಅವರೇ, ನೋಡಿ, ವಾಲ್ಯೂಮ್ ಪುಟ ಎರಡೂ ಕೊಟ್ಟಿದ್ದೇನೆ 🙂

ಪುನರ್‌ಪರಿಶೀಲನೆ ಅರ್ಜಿಯಿಂದ ಏನೂ ಆಗಲಿಲ್ಲ. ಮಥುರಾಗೆ ನ್ಯಾಯ ಸಿಗಲಿಲ್ಲ. ಆದರೆ ಊರೂರಲ್ಲಿ ಹೆಣ್ಣುಮಕ್ಕಳು ಬೀದಿಗೆ ಬಂದರು, 1983ರಲ್ಲಿ ಕಾನೂನು ತಿದ್ದುಪಡಿ ಆಯಿತು. ಈ ಕಲಂ ಅದರ ಫಲ. ಪತ್ರ ಬರೆಯದೇ, "ತೀರ್ಪು ಬಂದಾಯ್ತು, 141ನೇ ವಿಧಿ ಇದೆ" ಅಂತ ಅವರೂ ಕೂತಿದ್ದರೆ?

ನ್ಯಾಯಾಂಗ ನಿಂದನೆ ಅಂತ ಹೆದರೋ ವಿದ್ಯಾರ್ಥಿಗಳಿಗೆ: 1971ರ ಕಾಯ್ದೆಯ 5ನೇ ಕಲಂ ಓದಿ. ಇತ್ಯರ್ಥವಾದ ಕೇಸಿನ ತೀರ್ಪನ್ನು ನ್ಯಾಯಯುತವಾಗಿ ಟೀಕಿಸಿದರೆ ನಿಂದನೆ ಆಗಲ್ಲ.

ಜಗಳೂರಿನ ಮಗಳು | ಜಗಳೂರು ತಾಲ್ಲೂಕು

ನಾನು ಓದಿರೋದು ಪಿಯುಸಿ. ಆದರೂ ಈ ವಿಷಯದಲ್ಲಿ ಒಂದು ಮಾತು ಹೇಳಬೇಕು, ಯಾಕಂದ್ರೆ ನನಗೆ ಇದರಿಂದ ಹೊಲ ಸಿಕ್ಕಿದೆ.

ನನ್ನ ಮದುವೆ 1991ರಲ್ಲಿ ಆಯಿತು. ಅಪ್ಪ 2003ರಲ್ಲಿ ಹೋದರು. ಅಣ್ಣಂದಿರು ಪಾಲಿಗೆ ಕಿತ್ತಾಡಿಕೊಂಡು ಕೋರ್ಟಿಗೆ ಹೋದರು. ನನ್ನನ್ನೂ ಪಾರ್ಟಿ ಮಾಡಿದ್ದರು, ಬರೀ ಹೆಸರಿಗೆ. ಆಗ ನಮ್ಮ ವಕೀಲರು ಹೇಳಿದ್ದು, "ಅಮ್ಮಾ, ಹೆಣ್ಣುಮಕ್ಕಳಿಗೂ ಸಮ ಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ 1994ರದ್ದು, ಅದಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ. ದೆಹಲಿಯವರ ತಿದ್ದುಪಡಿ 2005ರದ್ದು, ಆಗ ನಿಮ್ಮಪ್ಪ ಇರಲಿಲ್ಲ. ಎರಡು ಕಡೆಯಿಂದಲೂ ನಿಮಗೆ ಅಣ್ಣಂದಿರ ಸಮ ಪಾಲಿಲ್ಲ, ಅಪ್ಪನ ಪಾಲಿನಲ್ಲಿ ಒಂದು ಚೂರು ಬರುತ್ತದೆ ಅಷ್ಟೇ."

ನಮ್ಮ ಅಕ್ಕನ ಮಗಳು ಬೆಂಗಳೂರಲ್ಲಿ ಲಾ ಓದುತ್ತಿದ್ದಳು. ಅವಳ ಕಾಲೇಜಿನ ಮೇಡಂ ಒಬ್ಬರು ಇದೇ ವಿಷಯಕ್ಕೆ ಬರೆದಿದ್ದ ಇಂಗ್ಲಿಷ್ ಲೇಖನ ಪ್ರಿಂಟ್ ತಂದು ವಕೀಲರಿಗೆ ಕೊಟ್ಟಳು. ಸುಪ್ರೀಂ ಕೋರ್ಟಿನದ್ದೇ ಎರಡು ತೀರ್ಪು ಒಂದಕ್ಕೊಂದು ಹೊಂದಲ್ಲ ಅಂತ ಅದರಲ್ಲಿ ಇತ್ತಂತೆ. ವಕೀಲರು ಮೊದಲು ಮೂಗು ಮುರಿದರು. ಆಮೇಲೆ ಅವರೇ ಫೋನ್ ಮಾಡಿ, "ರಾಜಿಗೆ ಸಹಿ ಹಾಕಬೇಡಿ, ಸ್ವಲ್ಪ ತಡೀರಿ" ಅಂದರು. ಅಷ್ಟೊತ್ತಿಗೆ ಅಣ್ಣಂದಿರು ರಾಜಿ ಪತ್ರ ರೆಡಿ ಮಾಡಿ, ನನ್ನ ಹೆಬ್ಬೆಟ್ಟಿಗೆ ಇಂಕ್ ಪ್ಯಾಡ್ ಸಮೇತ ಬಂದಿದ್ದರು. ಓದು ಬರಹ ಬರುತ್ತೆ ಅಂತ ಗೊತ್ತಿದ್ದೂ ಇಂಕ್ ಪ್ಯಾಡ್ ತಂದಿದ್ದರು, ಅದು ನನಗೆ ಇನ್ನೂ ಸಿಟ್ಟು. ತಡೆದಿದ್ದಕ್ಕೆ 2020ರ ತೀರ್ಪು ನಮಗೆ ಸಿಕ್ಕಿತು. ಈಗ ನನ್ನ ಪಾಲಿನ ಹೊಲದಲ್ಲಿ ಮೆಕ್ಕೆಜೋಳ ಇದೆ.

ಹರಿಹರದ ವಕೀಲೆ

ಅಕ್ಕಾ, ತುಂಬಾ ಖುಷಿ ಆಯಿತು. ಉಳಿದವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ, ಯಾಕಂದ್ರೆ ಈ ಮೂರು ತೀರ್ಪಿನಲ್ಲಿ ಎರಡು ನಮ್ಮ ರಾಜ್ಯದ್ದೇ.

ಮೊದಲನೇದು 2015ರ ಫೂಲಾವತಿ ಕೇಸು. ಬೆಳಗಾವಿಯ ಸಿವಿಲ್ ಕೋರ್ಟಿನಲ್ಲಿ 1992ರಲ್ಲಿ ಹಾಕಿದ ದಾವೆ. ಅಪ್ಪ 1988ರಲ್ಲೇ ತೀರಿಕೊಂಡಿದ್ದರು. ದೆಹಲಿಯ ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ರಂದು ಅಪ್ಪನೂ ಮಗಳೂ ಇಬ್ಬರೂ ಬದುಕಿರಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಎರಡನೇದು 2018ರ ದಾನಮ್ಮ ಕೇಸು. ಅದೂ ಕರ್ನಾಟಕದ್ದು. ಅಪ್ಪ 2001ರಲ್ಲಿ ತೀರಿಕೊಂಡಿದ್ದರು. ನೀವು ಉತ್ತರಾಧಿಕಾರ ಕಾಯ್ದೆ ಬಂದ 1956ಕ್ಕೆ ಮುಂಚೆ ಹುಟ್ಟಿದವರು, ಪಾಲಿಲ್ಲ ಅಂತ ಕೆಳ ಕೋರ್ಟು ಹೆಣ್ಣುಮಕ್ಕಳಿಗೆ ಹೇಳಿತ್ತು. ಸುಪ್ರೀಂ ಕೋರ್ಟು ತಾಯಿ, ಇಬ್ಬರು ಗಂಡು, ಇಬ್ಬರು ಹೆಣ್ಣು, ಐದೂ ಜನಕ್ಕೆ ಐದನೇ ಒಂದು ಪಾಲು ಕೊಟ್ಟಿತು. ಅಪ್ಪ 2005ರಲ್ಲಿ ಇರಲಿಲ್ಲ, ಆದರೂ! ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠ. ಕೆಳಗಿನ ಕೋರ್ಟು ಯಾವುದನ್ನು ಹಿಡಿಯಬೇಕು? ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಮೂವರ ಪೀಠ ಕೂತು, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಬದುಕಿರಬೇಕಿಲ್ಲ ಅಂತ ತೀರ್ಮಾನ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಸರಿಯಾಗಿ ಆದ ವಿಭಾಗಗಳನ್ನು ಮಾತ್ರ ಮುಟ್ಟೋ ಹಾಗಿಲ್ಲ.

ಕಪ್ಪು ಕೋಟು

ಒಂದು ಸ್ಪಷ್ಟನೆ. ಆ ಎರಡು ತೀರ್ಪು ಹೊಂದಲ್ಲ ಅಂತ 2018ರಲ್ಲಿ ದೆಹಲಿ ಹೈಕೋರ್ಟೇ ಬರೆದು, ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗಲು ದಾರಿ ಮಾಡಿಕೊಟ್ಟಿತ್ತು. ಎಲ್ಲಾ ಕೀರ್ತಿ ಮೇಷ್ಟ್ರುಗಳಿಗೆ ಕೊಡಬೇಡಿ.

ಆದರೆ ಜಗಳೂರಿನ ಅಕ್ಕನ ವಕೀಲರು ಮಾಡಿದ್ದು ಸರಿಯಾದ ಕೆಲಸ. ಲೇಖನವನ್ನು ಕೋರ್ಟಿಗೆ ಕೊಡಲಿಲ್ಲ ನೋಡಿ. ಅದರಲ್ಲಿದ್ದ ವಾದ ತಗೊಂಡರು, ತೀರ್ಪುಗಳನ್ನು ತಾವೇ ಓದಿದರು, ಕಾದರು. ಮೊದಲ ಪೋಸ್ಟ್ ಹಾಕಿದ ಹುಡುಗ ಅದನ್ನೇ ಮಾಡಬೇಕಿತ್ತು. ಲೇಖನದ ಅಡಿಟಿಪ್ಪಣಿಯಲ್ಲಿ ಇರೋ ತೀರ್ಪುಗಳನ್ನು ತೆಗೆದು ಲಿಖಿತ ವಾದಕ್ಕೆ ಹಾಕು, ಪ್ರೊಫೆಸರ್ ಹೆಸರು ಬಿಡು. ನಿನ್ನ ಸೀನಿಯರ್ ಗೀಟು ಎಳೆಯಲ್ಲ.

ಕೊನೇ ಸೆಮಿಸ್ಟರ್

ಹಾಗೇ ಮಾಡುತ್ತೇನೆ ಸರ್. ಆದರೆ ಅವರ ತಲೆಯಿಂದ ವಾದ ತಗೊಂಡು ಹೆಸರು ಬಿಡೋದು ಒಂಥರಾ ಅನ್ನಿಸುತ್ತೆ.

ಕಪ್ಪು ಕೋಟು

ಕೋರ್ಟಿನಲ್ಲಿ ನಡೆಯೋದೇ ಹಾಗೆ ತಮ್ಮಾ. ನನ್ನ ಎಷ್ಟು ವಾದ ಜಡ್ಜ್‌ಮೆಂಟ್‌ಗಳಲ್ಲಿ ಹೆಸರಿಲ್ಲದೆ ಕೂತಿವೆ.

ನಿವೃತ್ತ ಶಿರಸ್ತೇದಾರ | ದಾವಣಗೆರೆ

ತಡವಾಗಿ ಬಂದೆ. ಸರ್ವಿಸ್ ಪೂರ್ತಿ ಈ ಎರಡು ಜಿಲ್ಲೆಯ ಕೋರ್ಟುಗಳಲ್ಲೇ ಕಳೆದಿದ್ದೇನೆ. ನೀವೆಲ್ಲಾ ದೆಹಲಿ, ಬನಾರಸ್, ಹೈಡಲ್‌ಬರ್ಗ್ ಸುತ್ತಿದ್ದಾಯಿತು. ನಾನು ಹರಪನಹಳ್ಳಿಗೆ ಕರೆದುಕೊಂಡು ಹೋಗುತ್ತೇನೆ.

ದಾವಣಗೆರೆ, ಹರಿಹರ, ಚಿತ್ರದುರ್ಗ ಎಲ್ಲಾ ಮೈಸೂರು ಸಂಸ್ಥಾನ. ಇಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ಬಂದಿತ್ತು. ಗಂಡಸರು ಪಾಲು ಮಾಡಿಕೊಳ್ಳುವಾಗ ತಾಯಿಗೆ, ವಿಧವೆಯರಿಗೆ, ಅಷ್ಟೇ ಅಲ್ಲ, ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಅಂತ ಅದರಲ್ಲಿ ಇತ್ತು. ಸಂಸ್ಥಾನದ ಗಡಿ ದಾಟಿ ಹರಪನಹಳ್ಳಿಗೆ ಹೋದರೆ ಅದು ಬಳ್ಳಾರಿ ಜಿಲ್ಲೆ, ಮದ್ರಾಸ್ ಸರ್ಕಾರ. 1953ರ ಅಕ್ಟೋಬರ್‌ವರೆಗೂ ಹಾಗೇ ಇತ್ತು. ಅಲ್ಲಿ 1937ರ ಬ್ರಿಟಿಷ್ ಇಂಡಿಯಾ ಕಾಯ್ದೆ. ಅದರಲ್ಲಿ ವಿಧವೆಗೆ ಅವಳು ಬದುಕಿರೋವರೆಗೆ ಅನುಭವಿಸೋ ಹಕ್ಕು. ಮಗಳ ಮಾತೇ ಇಲ್ಲ. ಗಡಿಯ ಈ ಕಡೆಯ ಮನೆಯಿಂದ ಆ ಕಡೆಯ ಮನೆಗೆ ಹೆಣ್ಣು ಕೊಡೋದು ತರೋದು ಯಾವತ್ತೂ ನಿಂತಿರಲಿಲ್ಲ. ಅಕ್ಕ ತಂಗಿಯರಲ್ಲಿ ಒಬ್ಬಳು ಮೈಸೂರು ಕಾನೂನಿನಲ್ಲಿ, ಇನ್ನೊಬ್ಬಳು ಮದ್ರಾಸ್ ಕಾನೂನಿನಲ್ಲಿ ವಿಧವೆಯಾದದ್ದುಂಟು.

1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿ ನಮಗೆ ಸೇರಿತು. ಈಗ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆ ಬದಲಾಗುತ್ತೆ, ಅಜ್ಜ ಸತ್ತ ವರ್ಷ ಬದಲಾಗಲ್ಲ. ಅಜ್ಜ 1948ರಲ್ಲಿ ಸತ್ತಿದ್ದರೆ, ಅಜ್ಜಿ ಅನುಭವಿಸುತ್ತಿದ್ದ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ ಪ್ರಕಾರ ಪೂರ್ತಿ ಅವಳದ್ದಾಯಿತಾ ಇಲ್ಲವಾ ಅಂತ ಮೊಮ್ಮಕ್ಕಳು ಈಗಲೂ ದಾವೆ ಹೂಡುತ್ತಾರೆ. ಆಗ ಮೊದಲು ಏಳೋ ಪ್ರಶ್ನೆಯೇ, ಊರು ಯಾವ ಕಡೆ ಇತ್ತು?

ಇದರ ಬಗ್ಗೆ ಯಾವ ಪ್ರೊಫೆಸರ್ ಬರೆಯುತ್ತಾರೆ ಹೇಳಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನವರಿಗೆ ಈ ಗಡಿ ಕಾಣಿಸಲ್ಲ. ಕಾಣಿಸೋದು ಇಲ್ಲಿ ಪಾಠ ಮಾಡೋರಿಗೆ, ಇಲ್ಲಿ ಓದೋರಿಗೆ. ಫೈಲು ಇರೋದೂ ಇಲ್ಲೇ.

ಹತ್ತಿ ಮಿಲ್ಲು

ಸಾರ್ ನಮ್ಮಜ್ಜಿ ತವರು ಹರಪನಹಳ್ಳಿ ಪಕ್ಕ!! ಈಗ ಗೊತ್ತಾಯ್ತು ದೊಡ್ಡಪ್ಪ ಯಾಕೆ "ಆ ಕಡೆ ಕಾನೂನೇ ಬೇರೆ" ಅಂತಿದ್ದ ಅಂತ.

ದುರ್ಗದ ಅರೆಕಾಲಿಕ

ಶಿರಸ್ತೇದಾರರೇ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ದುರ್ಗದಲ್ಲಿ ಇನ್ನೊಂದು ಇದೆ, ಪಿಟಿಸಿಎಲ್. 1978ರ ಕಾಯ್ದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆ ಆಗಿದ್ದರೆ ವಾಪಸ್ ಕೊಡಿಸೋದು. ಎಷ್ಟೋ ವರ್ಷ ಬಿಟ್ಟು ಅರ್ಜಿ ಹಾಕಿದರೆ ಆಗಲ್ಲ, ಸಮಂಜಸ ಅವಧಿಯೊಳಗೆ ಬರಬೇಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ನೆಕ್ಕಂಟಿ ಕೇಸಿನಲ್ಲಿ ಹೇಳಿತು. ಅರ್ಜಿಗಳು ಒಂದರ ಹಿಂದೊಂದು ವಜಾ ಆದವು. 2023ರಲ್ಲಿ ವಿಧಾನಮಂಡಲ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಮಾಡಿತು. ಎಸಿ (ಅಸಿಸ್ಟೆಂಟ್ ಕಮಿಷನರ್) ಕೋರ್ಟಿನಲ್ಲಿ ಏನು ನಡೆಯುತ್ತೆ, ಮಂಜೂರಾತಿ ಚೀಟಿ ಕಳೆದುಕೊಂಡೋನು ಏನು ಮಾಡಬೇಕು, ಇದೆಲ್ಲಾ ಯಾವ ಜರ್ನಲ್‌ನಲ್ಲೂ ನಾನು ಕಂಡಿಲ್ಲ. ಮೂಲ ರಚನೆ ಬಗ್ಗೆ ಲೇಖನ ಬೇಕಾ? ಗಾಡಿಗಟ್ಟಲೆ ಇವೆ.

ಆದರೆ ನಮ್ಮ ಕಷ್ಟವೂ ಕೇಳಿ. ಪೂರ್ಣಾವಧಿ ಅಧ್ಯಾಪಕರು ಬರೆಯೋದು ಬಡ್ತಿ ಅಂಕಕ್ಕೆ. ನನಗೇ ಒಂದು ಜರ್ನಲ್‌ನಿಂದ ಇಮೇಲ್ ಬಂದಿತ್ತು, ಹೆಸರು ಬೇಡ. ಲೇಖನ ಕಳಿಸಿದ ಸಂಜೆಯೇ "ತಜ್ಞರು ಪರಿಶೀಲಿಸಿ ಒಪ್ಪಿದ್ದಾರೆ, ದುಡ್ಡು ಹಾಕಿ" ಅಂತ ಉತ್ತರ. ಯಾವ ತಜ್ಞ ಅಷ್ಟು ಬೇಗ ಓದಿದ? ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಂಬಬಹುದಾದ ಜರ್ನಲ್‌ಗಳ ಒಂದು ಪಟ್ಟಿ ಮಾಡಿತ್ತು, 2025ರಲ್ಲಿ ಅದನ್ನೂ ನಿಲ್ಲಿಸಿತು. ಇನ್ನು ಕನ್ನಡದಲ್ಲಿ ಬರೆದರೆ ಅಂಕ ಕೊಡೋರು ಯಾರು? ನಮ್ಮ ಹುಡುಗರು ಪಾಠ ಅರ್ಥ ಮಾಡಿಕೊಳ್ಳೋದು ಕನ್ನಡದಲ್ಲಿ, ವಕಾಲತ್ತು ವಹಿಸೋದು ಕನ್ನಡದವರದ್ದು, ಸಾಕ್ಷಿ ಹೇಳೋದು ಕನ್ನಡದಲ್ಲಿ. ಅದರ ಮೇಲಿನ ವಿಮರ್ಶೆ ಮಾತ್ರ ಇಂಗ್ಲಿಷ್‌ನಲ್ಲಿ.

ಹರಿಹರದ ವಕೀಲೆ

ಅಂಕ ಯಾಕೆ ಬೇಕು ಸರ್ ನಿಮಗೆ, ನೀವು ಅರೆಕಾಲಿಕ ಅಲ್ವಾ! ಬರೀರಿ. ಇಲ್ಲೇ ಹಾಕಿ, ನಾವು ಓದುತ್ತೇವೆ, ತಪ್ಪಿದ್ದರೆ ಜಗಳ ಆಡುತ್ತೇವೆ. ಸಂಜೆ ಒಳಗೆ ಒಪ್ಪೋ ತಜ್ಞರಿಗಿಂತ ಕಪ್ಪು ಕೋಟು ಅವರು ಗಟ್ಟಿ ಪರೀಕ್ಷಕರು.

ಕಪ್ಪು ಕೋಟು

ಬೈಯೋಕೆ ಫೀಸು ತಗೊಳ್ಳಲ್ಲ. ಒಂದೇ ಷರತ್ತು. "ನ್ಯಾಯಾಂಗವು ಸಮಾಜದ ಕನ್ನಡಿ" ಅಂತ ಶುರು ಮಾಡಿದರೆ ಮೊದಲನೇ ಸಾಲಿಗೇ ಗೀಟು. ದಾವೆ ಏನು, ಯಾವ ಕಲಂ, ಕೋರ್ಟು ಏನು ಹೇಳಿತು, ನಿನ್ನ ತಕರಾರು ಏನು. ಅಷ್ಟೇ.

ಕೊನೇ ಸೆಮಿಸ್ಟರ್

ನಾನು ಹರಪನಹಳ್ಳಿ ವಿಷಯ ಹಿಡಿಯುತ್ತೇನೆ. ಶಿರಸ್ತೇದಾರ್ ಸರ್, 1933ರ ಕಾಯ್ದೆಯ ಪೂರ್ತಿ ಪಠ್ಯ ಎಲ್ಲಿ ಸಿಗುತ್ತೆ? ಮತ್ತೆ ನಾನು ಪಾರ್ಟಿ ಅಲ್ಲದ ಹಳೇ ದಾವೆಗಳ ತೀರ್ಪಿನ ನಕಲು ಕೊಡುತ್ತಾರಾ?

ನಿವೃತ್ತ ಶಿರಸ್ತೇದಾರ

ಕಾಯ್ದೆಯ ಪಠ್ಯ ಹಳೇ ಮೈಸೂರು ಕೋಡ್ ಸಂಪುಟಗಳಲ್ಲಿ ಇರುತ್ತೆ. ವಕೀಲರ ಸಂಘದ ಲೈಬ್ರರಿಯಲ್ಲಿ ಕೇಳಿ, ಇಲ್ಲದಿದ್ದರೆ ಹಳೇ ವಕೀಲರ ಮನೆ ಅಟ್ಟ. ಹಿಂದೂ ಕಾನೂನಿನ ಮುಲ್ಲಾ ಪುಸ್ತಕದ ಹಳೇ ಆವೃತ್ತಿಗಳನ್ನೂ ನೋಡಿ. ಇತ್ತೀಚಿನ ತೀರ್ಪುಗಳು ಇ-ಕೋರ್ಟ್ಸ್ ಜಾಲತಾಣದಲ್ಲೇ ಸಿಗುತ್ತವೆ, ನಕಲು ಬೇಡ. ಹಳೇವಕ್ಕೆ ಹೊರಗಿನವರು ಅರ್ಜಿ ಹಾಕಬಹುದು, ಯಾಕೆ ಬೇಕು ಅಂತ ಕಾರಣ ಬರೆಯಬೇಕು. ಕಾರಣದ ಜಾಗದಲ್ಲಿ "ಅಧ್ಯಯನಕ್ಕೆ" ಅಂತ ಒಂದೇ ಪದ ಬರೆದರೆ ನಕಲು ವಿಭಾಗದಲ್ಲಿ ವಾಪಸ್ ಕೊಡುತ್ತಾರೆ. ದಾವೆ ನಂಬರ್, ವರ್ಷ, ಯಾವ ದಾಖಲೆ, ಏನು ಉಪಯೋಗ ಅಂತ ಬಿಡಿಸಿ ಬರಿ. ನಂಬರ್ ಗೊತ್ತಿಲ್ಲ ಅಂದ್ರೆ ಸೂಟ್ ರಿಜಿಸ್ಟರ್ ನೋಡಬೇಕು, ಅದಕ್ಕೆ ಬೇರೆ ಅರ್ಜಿ.

ಹತ್ತಿ ಮಿಲ್ಲು

ನಮ್ಮಜ್ಜಿ ಕಡೆಯ ದಾವೆಯ ಡಿಕ್ರಿ ಮನೆಯ ಟ್ರಂಕ್‌ನಲ್ಲಿದೆ. ಗೆದ್ದಲು ಅಂಚು ತಿಂದಿದೆ, ನಂಬರ್ ಓದೋಕೆ ಬರುತ್ತೆ. ನಾಳೆ ಫೋಟೋ ಹಾಕಲಾ?

ಕೊನೇ ಸೆಮಿಸ್ಟರ್

ಹಾಕಿ ಅಣ್ಣಾ. ಹೆಸರುಗಳ ಮೇಲೆ ಕಪ್ಪು ಬಳಿದು ಹಾಕಿ.